ತಲಕಾಡಿನ ಮನೆಗೊಂದು ಗೇರ್ ಸೈಕಲ್ಲು

2025ರ ಕಾರ್ತಿಕ ಮಾಸದಲ್ಲಿ ನಾವು ತಲಕಾಡಿಗೆ ಹೋಗಿದ್ದೆವು. ಅಲ್ಲಿಗೆ ಸಮೀಪದ ಒಂದು ತೋಟದ ಮನೆ ನಮಗೆ ಮೂರು ತಲೆಮಾರುಗಳಿಂದ ಪರಿಚಿತವಾದುದು. ಪೂಜೆ, ಪ್ರಸಾದಗಳು ಮುಗಿದು ಜಗಲಿಯ ಮೇಲೆ ಕುಳಿತಾಗ ಮನೆಯ ಯಜಮಾನರು ಕೈಕಟ್ಟಿ ನಿಂತು, “ಬುದ್ಧೀ, ಗೂಡು ಮಾರಿದ್ ದುಡ್ಡಲ್ಲಿ ಹನ್ನೆರಡು ಸಾವ್ರ ಎತ್ತಿಟ್ಟಿವ್ನಿ. ಚಿಕ್ಕೋನ್ಗೆ ಒಂದು ಗೇರ್ ಸೈಕಲ್ ಕೊಡಿಸ್ಬೇಕು. ಯಾವ್ದು ತಗೊಳ್ಳೋದು ಅಂತ ತಾವೇ ಹೇಳ್ಬೇಕು” ಎಂದರು. ಅವರ ಮಾತು ಮುಗಿಯುವ ಮೊದಲೇ ಒಳಗಿನಿಂದ ತಾಯಿಯ ಧ್ವನಿ ಕೇಳಿಸಿತು: “ಸೈಕಲ್ ಮಾತು ಈ ಮನೇಲಿ ಬ್ಯಾಡ ಬುದ್ಧೀ.”

ಆ ತಾಯಿಯ ಮಾತಿಗೆ ಕಾರಣವುಂಟು. ಆ ಕಾರಣದಲ್ಲಿ ನಮ್ಮದೂ ಒಂದು ಪಾಲುಂಟು. ಓದುಗ ಬಂಧುಗಳು ಈ ಪುಟದಲ್ಲಿ ಸೈಕಲ್ಲಿನ ವಿಚಾರವನ್ನು ನಿರೀಕ್ಷಿಸಿರಲಾರರು. ಆದರೂ ನಡೆದುದನ್ನು ಮುಚ್ಚಿಡದೆ ಬರೆಯುವುದು ಯುಕ್ತವೆಂದು ತೋರಿದ್ದರಿಂದ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇವೆ.

2022ರಲ್ಲಿ ಅದೇ ಮನೆಯ ಹಿರಿಯ ಮಗನಿಗೆ ಸೈಕಲ್ ಕೊಳ್ಳುವಾಗ ನಾವೂ ಜೊತೆಗಿದ್ದೆವು. ನಗರದ ಒಂದು ದೊಡ್ಡ ಮಳಿಗೆಯಲ್ಲಿ ದಿನಸಿ, ಬಟ್ಟೆ, ಪಾತ್ರೆಗಳ ನಡುವೆ ಸೈಕಲ್ಲುಗಳನ್ನೂ ಸಾಲಾಗಿ ನಿಲ್ಲಿಸಿದ್ದರು. ಅವುಗಳಲ್ಲಿ ಒಂದಕ್ಕೆ ಮುಂದೆಯೂ ಸ್ಪ್ರಿಂಗು, ಹಿಂದೆಯೂ ಸ್ಪ್ರಿಂಗು. ಮೈತುಂಬ ಕೆಂಪು ಹಳದಿಯ ಬಣ್ಣ. ಕಡ್ಡಿಗಳ ನಡುವೆ ಥಳಥಳಿಸುವ ಡಿಸ್ಕ್ ಬ್ರೇಕು. ಬೆಲೆಯೋ ಏಳು ಸಾವಿರದ ಒಳಗೆ. “ಇಷ್ಟು ಬೆಲೆಗೆ ಇಷ್ಟೆಲ್ಲ ದೊರೆಯುವುದಾದರೆ ಸಂಶಯವೇಕೆ, ತೆಗೆದುಕೊಳ್ಳಿ” ಎಂದು ನಾವೇ ಹೇಳಿದೆವು. ಎರಡು ತಿಂಗಳು ತುಂಬುವುದರೊಳಗೆ ನಾಲೆಯ ಏರಿಯ ಮೇಲೆ ಎಡಗಾಲಿನ ಪೆಡಲ್ಲು ಕಳಚಿಬಿದ್ದು ಹುಡುಗ ಮುಗ್ಗರಿಸಿದ. ಭುಜದ ಎಲುಬು ಮುರಿಯಿತು. ಆ ವರ್ಷದ ವಾರ್ಷಿಕ ಪರೀಕ್ಷೆ ತಪ್ಪಿ, ಪೂರಕ ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾದ. ಮನೆಯವರು ನಮ್ಮ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮ್ಮ ಮನಸ್ಸು ಹಗುರವಾಗುತ್ತಿತ್ತು.

ಈಗ ಚಿಕ್ಕವನಿಗೆ ಹದಿನಾರು ವರ್ಷ. ತಿರುಮಕೂಡಲು ನರಸೀಪುರದಲ್ಲಿ ಪದವಿಪೂರ್ವ ಶಿಕ್ಷಣಕ್ಕೆ ಸೇರಿದ್ದಾನೆ. ತೋಟದ ಮನೆಯಿಂದ ತಲಕಾಡಿನ ಬಸ್ ನಿಲ್ದಾಣಕ್ಕೆ ಆರು ಕಿಲೋಮೀಟರ್ ದಾರಿ. ಅದರಲ್ಲಿ ಮೂರು ಪಾಲು ನಾಲೆಯ ಏರಿ, ಒಂದು ಪಾಲು ಮರಳು ಬೆರೆತ ಮಣ್ಣು. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಎರಡು ಪಾಠಗಳು ತಪ್ಪುತ್ತವೆ. ನಡೆದೇ ಹೋಗುತ್ತಿದ್ದ ಹುಡುಗ ಆಶ್ವಯುಜದ ಹೊತ್ತಿಗೆ ಹಲವು ದಿನ ತಡವಾಗಿ, ಹಾಜರಿ ಕಡಿಮೆಯಾಯಿತೆಂದು ಮನೆಗೆ ಪತ್ರ ಬಂದಿತ್ತು. ಹದಿನೆಂಟು ತುಂಬದವನ ಕೈಗೆ ಸ್ಕೂಟರ್ ಕೊಡುವುದು ಕಾನೂನಿಗೆ ವಿರುದ್ಧ. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದ್ದು ನಮ್ಮ ಹಳ್ಳಿಗಳಿಗೆ ದೊಡ್ಡ ಉಪಕಾರವಾಗಿತ್ತು. ಕೋವಿಡ್ ಕಾಲದಲ್ಲಿ ಅದು ನಿಂತುಹೋದುದರಿಂದ ಈ ಹುಡುಗನಿಗೆ ಆ ಭಾಗ್ಯವೂ ಒದಗಲಿಲ್ಲ. ಇನ್ನು ಸೈಕಲ್ ಬೇಡವೆಂದರೆ ಓದು ಬಿಡಿಸುವುದು, ಇಲ್ಲವೆ ಮೈಸೂರಿನ ಸೋದರಮಾವನ ಮನೆಗೆ ಕಳುಹಿಸುವುದು, ಇವೆರಡೇ ಉಳಿದಿದ್ದವು.

ನಾವು ಮೊದಲು ಹಳೆಯ ಸೈಕಲ್ಲನ್ನು ತೋರಿಸಿರೆಂದು ಕೇಳಿದೆವು. ಕೊಟ್ಟಿಗೆಯ ಮೂಲೆಯಲ್ಲಿ, ಕಡ್ಲೆ ಹೊಟ್ಟಿನ ಮೂಟೆಗಳ ಹಿಂದೆ ಅದು ಬಿದ್ದಿತ್ತು. ಅದನ್ನು ಗಾಡಿಯಲ್ಲಿ ಹಾಕಿಸಿಕೊಂಡು ತಲಕಾಡಿನ ಪಂಕ್ಚರ್ ಅಂಗಡಿಗೆ ಒಯ್ದೆವು. ಅಂಗಡಿಯ ಮುದುಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. ಸೈಕಲ್ಲಿನ ಬಲ ಪೆಡಲ್ಲಿನ ಮರೆ ಎಲ್ಲ ತಿರುಪುಗಳಂತೆ ಇರುತ್ತದೆ. ಎಡ ಪೆಡಲ್ಲಿನದು ವಿರುದ್ಧ ದಿಕ್ಕಿನದು. ತುಳಿಯುತ್ತ ತುಳಿಯುತ್ತ ಸಡಿಲವಾಗದಿರಲೆಂದು ಹಾಗೆ ಮಾಡಿರುತ್ತಾರೆ. ಪೆಡಲ್ಲಿನ ಅಚ್ಚಿನ ತುದಿಯಲ್ಲಿ ಎಡಕ್ಕೆ ‘ಎಲ್’ ಎಂದೂ ಬಲಕ್ಕೆ ‘ಆರ್’ ಎಂದೂ ಇಂಗ್ಲಿಷಿನಲ್ಲಿ ಕೆತ್ತಿರುತ್ತದೆ. ಜೋಡಿಸಿದವನು ಅದನ್ನು ನೋಡದೆ ಅದಲುಬದಲಾಗಿ ಬಲವಂತದಿಂದ ತಿರುಗಿಸಿದ್ದ. ಮೆದು ಲೋಹದ ಕ್ರ್ಯಾಂಕಿನ ಮರೆಯೆಲ್ಲ ತೇದು ಹೋಗಿತ್ತು. ಕೆಲವು ದಿನ ಹಿಡಿದುಕೊಂಡಿದ್ದು ಒಂದು ದಿನ ಕೈಬಿಟ್ಟಿತು. ಅಷ್ಟೇ ಅಲ್ಲ, ಮುಂದಿನ ಫೋರ್ಕನ್ನೇ ಹಿಂದುಮುಂದಾಗಿ ತಿರುಗಿಸಿ ಕೂಡಿಸಿದ್ದರು! ಮೂರು ವರ್ಷ ಆ ಮನೆಯವರು ವಿಧಿಯನ್ನು ಹಳಿದಿದ್ದರು. ವಿಧಿ ಯಾವ ಪಾಪ ಮಾಡಿತ್ತು? ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದ ಸೈಕಲ್ಲನ್ನು ಆತುರದಲ್ಲಿ ಜೋಡಿಸಿದವನದು ಒಂದು ತಪ್ಪು. ನೋಡದೆ ಹೊಗಳಿದ ನಮ್ಮದು ಇನ್ನೊಂದು.

ಆದುದರಿಂದ ಈ ಸಲ ನಾವು ಒಂದು ತಿಂಗಳ ಅವಧಿ ಕೇಳಿದೆವು. ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಓದುತ್ತಿದ್ದಾಗ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಮೂವರು ಸರದಿಯಲ್ಲಿ ತುಳಿದು, ಅರ್ಧ ಗಂಟೆ ಮೀರಿದ್ದಕ್ಕೆ ಅಂಗಡಿಯವನಲ್ಲಿ ಬೈಸಿಕೊಂಡ ಅನುಭವವನ್ನು ಬಿಟ್ಟರೆ ನಮಗೆ ಈ ಶಾಸ್ತ್ರದಲ್ಲಿ ಬೇರೆ ಪ್ರವೇಶವಿರಲಿಲ್ಲ. ಬಲ್ಲವರನ್ನು ಕೇಳಿದೆವು. ಓದಿದೆವು. ಅಂಗಡಿಗಳಿಗೆ ಹೋಗಿ ಬರಿಗೈಯಲ್ಲಿ ಮರಳಿದೆವು.

ಬೆಟ್ಟದ ಸೈಕಲ್ಲೆಂದು ಇಂದು ಕರೆಯುವ ಈ ವಾಹನದ ಮೂಲ ಕುತೂಹಲಕರವಾಗಿದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯಲ್ಲಿ ಕೆಲವು ತರುಣರು, ದಪ್ಪ ಟೈರುಗಳಿದ್ದ ಹಳೆಯ ಕಾಲದ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು ಟಮಲ್ಪಾಯಿಸ್ ಬೆಟ್ಟದ ಸೀಮೆಯ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. ಒಂದು ಇಳಿಜಾರಿಗೆ ‘ರಿಪ್ಯಾಕ್’ ಎಂದೇ ಹೆಸರು. ಇಳಿದು ಮುಗಿಯುವುದರೊಳಗೆ ಹಿಂದಿನ ಬ್ರೇಕಿನ ಗ್ರೀಸು ಕಾಯ್ದು ಹೊಗೆಯಾಗಿ ಹೋಗುತ್ತಿದ್ದುದರಿಂದ ಮತ್ತೆ ತುಂಬಬೇಕಾಗುತ್ತಿತ್ತಂತೆ. ಅಲ್ಲಿ ಮೊದಲ ಪಂದ್ಯ ನಡೆದದ್ದು 1976ರಲ್ಲಿ. ಈ ಬಗೆಯ ಸೈಕಲ್ಲನ್ನು ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿ ಮಾರಿದ್ದು 1981ರ ‘ಸ್ಟಂಪ್‌ಜಂಪರ್’. ನಮಗೆ ಮುಖ್ಯವಾದ ಸಂಗತಿಯೆಂದರೆ, ಇವುಗಳಲ್ಲಿ ಯಾವುದಕ್ಕೂ ಸ್ಪ್ರಿಂಗು ಇರಲಿಲ್ಲ. ಮುಂದಿನ ಫೋರ್ಕಿಗೆ ಷಾಕ್ ಅಳವಡಿಸುವುದು ಮಾರುಕಟ್ಟೆಗೆ ಬಂದದ್ದು 1989ರ ಸುಮಾರಿಗೆ. ಬೆಟ್ಟವನ್ನೇ ಹತ್ತಿಳಿದವರು ಅದಿಲ್ಲದೆ ಹತ್ತು ಹನ್ನೆರಡು ವರ್ಷ ಕಳೆದಿರುವಾಗ, ನಾಲೆಯ ಏರಿಗೆ ಎರಡು ಸ್ಪ್ರಿಂಗು ಏಕೆ?

ಒಳ್ಳೆಯ ಷಾಕ್ ಎಂದರೆ ಬರಿಯ ಸ್ಪ್ರಿಂಗಲ್ಲ. ಕುಗ್ಗಿದ ಸ್ಪ್ರಿಂಗು ಒಮ್ಮೆಲೇ ಎಗರದಂತೆ ತಡೆಯುವ ವ್ಯವಸ್ಥೆ ಅದರೊಳಗಿರಬೇಕು. ಅದಕ್ಕೆ ಹಣ ಬೇಕು. ಹತ್ತು ಸಾವಿರದ ಒಳಗಿನ ಸೈಕಲ್ಲಿನಲ್ಲಿರುವುದು ಹೆಚ್ಚಾಗಿ ಕೊಳವೆಯೊಳಗಿಟ್ಟ ಸುರುಳಿ ಕಂಬಿಯಷ್ಟೆ. ಅದು ತುಳಿಯುವವನ ಬಲವನ್ನು ನುಂಗುತ್ತದೆ, ಭಾರವನ್ನು ಹೆಚ್ಚಿಸುತ್ತದೆ, ಕೀಲುಗಳು ಬೇಗ ಸವೆದು ಕಿರುಗುಟ್ಟುತ್ತವೆ. ಹಿಂದಿನ ಸ್ಪ್ರಿಂಗಂತೂ ಹಳ್ಳಿಗೆ ಶುದ್ಧ ಉಪದ್ರವ. ಅಂತಹ ಚೌಕಟ್ಟಿಗೆ ಕ್ಯಾರಿಯರ್ ಕೂಡುವುದೇ ಕಷ್ಟ. ಕ್ಯಾರಿಯರ್ ಇಲ್ಲದ ಸೈಕಲ್ಲಿನಲ್ಲಿ ಹಾಲಿನ ಕ್ಯಾನು, ಸೊಪ್ಪಿನ ಹೊರೆ, ಪುಸ್ತಕದ ಚೀಲ ಯಾವುದೂ ಬರಲಾರದು. ಒಂದು ಮಳಿಗೆಯಲ್ಲಿ ಇಂತಹ ಸೈಕಲ್ಲಿಗೆ ಅಂಟಿಸಿದ್ದ ಸಣ್ಣ ಅಕ್ಷರದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆವು. ಒರಟು ದಾರಿಯಲ್ಲಿ ಬಳಸಬಾರದೆಂದು ಅದರಲ್ಲಿ ಎಚ್ಚರಿಸಿದ್ದರು. ಹೆಸರು ಮಾತ್ರ ಬೆಟ್ಟದ ಸೈಕಲ್ಲು!

ಮೈಸೂರಿನಲ್ಲಿ ಈಗ ಆಯ್ಕೆಗೆ ಕೊರತೆಯಿಲ್ಲ. ಲೂಧಿಯಾನದಲ್ಲಿ 1956ರಲ್ಲಿ ಆರಂಭವಾದ ಹೀರೋ, ಮದರಾಸಿನ ಮುರುಗಪ್ಪ ಸಮೂಹದ ಹರ್ಕ್ಯುಲಿಸ್ ಮತ್ತು ಬಿ.ಎಸ್.ಎ. ಸೈಕಲ್ಲುಗಳು ಅಂಗಡಿಗಳಲ್ಲಿವೆ. 1976ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಡೆಕಾಥ್ಲಾನ್ ಸಂಸ್ಥೆಯ ಮಳಿಗೆಯೂ ಇದೆ. ಅವರ ಬೆಟ್ಟದ ಸೈಕಲ್ಲುಗಳಿಗೆ ರಾಕ್‌ರೈಡರ್ ಎಂದು ಹೆಸರು. ಈ ಮನೆಯ ಅಜ್ಜನವರು ತುಳಿದ ಅಟ್ಲಾಸ್ ಸೈಕಲ್ಲು ಇನ್ನೂ ಗೋಡೆಗೆ ಒರಗಿ ನಿಂತಿದೆ. ಅದನ್ನು ಮಾಡಿದ ಸಂಸ್ಥೆ ಸಾಹಿಬಾಬಾದಿನ ತನ್ನ ಕಾರ್ಖಾನೆಯನ್ನು ಮುಚ್ಚಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ತೆರಿಗೆ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಕೊಳ್ಳುವವರು ರಸೀದಿಯಲ್ಲಿ ಅದನ್ನು ನೋಡಿಕೊಳ್ಳಬೇಕು.

ಹನ್ನೆರಡು ಸಾವಿರವಿದೆಯೆಂದು ಹನ್ನೆರಡು ಸಾವಿರದ ಸೈಕಲ್ ಕೊಳ್ಳಲಾಗದು. ಇದು ನಮಗೆ ಹೊಳೆದದ್ದು ತಡವಾಗಿ. ಈ ಬಗೆಯ ಸೈಕಲ್ಲುಗಳಿಗೆ ಮಡ್‌ಗಾರ್ಡ್, ಸ್ಟ್ಯಾಂಡು, ಕ್ಯಾರಿಯರ್, ಬೆಲ್ಲು, ಬೀಗ, ದೀಪ ಇವು ಜೊತೆಯಲ್ಲಿ ಬರುವುದು ಅಪರೂಪ. ಒಂದೊಂದಕ್ಕೂ ಬೇರೆ ಹಣ. ತಲೆಗೆ ಹೆಲ್ಮೆಟ್ಟು ಬೇಕೆಂಬುದು ತಾಯಿಯ ಷರತ್ತು. ಆದ್ದರಿಂದ ಎರಡೂವರೆ ಸಾವಿರವನ್ನು ಬದಿಗಿಟ್ಟು, ಸೈಕಲ್ಲಿಗೆ ಒಂಬತ್ತೂವರೆ ಸಾವಿರವೆಂದು ನಿಶ್ಚಯಿಸಿದೆವು.

ಇನ್ನು ಚಕ್ರದ ವಿಚಾರ. ಇಲ್ಲಿ ತಲಕಾಡೇ ನಮಗೆ ಉತ್ತರ ಹೇಳಿತು. ಬೆಟ್ಟದ ಸೈಕಲ್ಲಿನ ಚಕ್ರಗಳು ಮೂರು ಅಳತೆಯಲ್ಲಿ ಬರುತ್ತವೆ: 26 ಇಂಚು, 27.5 ಇಂಚು, 29 ಇಂಚು. ದೊಡ್ಡ ಚಕ್ರ ಹಳ್ಳ ದಿಣ್ಣೆಗಳನ್ನು ಸಲೀಸಾಗಿ ದಾಟುತ್ತದೆಂಬುದು ನಿಜ. ಆದರೆ ನಾಲೆಯ ಏರಿಯಲ್ಲಿ ಮುಳ್ಳು ಚುಚ್ಚಿ ಟ್ಯೂಬು ಹಾಳಾದರೆ 29 ಇಂಚಿನದು ಸಿಗುವುದೆಲ್ಲಿ? ನಮ್ಮ ಪಂಕ್ಚರ್ ಅಂಗಡಿಯ ಮುದುಕರ ಬಳಿ ನೇತಾಡುತ್ತಿದ್ದವು ಹಳೆಯ ದೊಡ್ಡ ಸೈಕಲ್ಲಿನ 28 ಇಂಚಿನವು ಮತ್ತು 26 ಇಂಚಿನವು ಮಾತ್ರ. 26 ಎಂದೊಡನೆ ನಿಶ್ಚಿಂತರಾಗುವಂತೆಯೂ ಇಲ್ಲ. ಒಂದೇ 26ರ ಹೆಸರಿನಲ್ಲಿ ಹಲವು ಅಳತೆಯ ರಿಮ್ಮುಗಳಿವೆ. ಟೈರಿನ ಪಕ್ಕೆಯಲ್ಲಿ 50-559 ಎಂಬಂತೆ ಸಣ್ಣ ಅಂಕಿಗಳಿರುತ್ತವೆ; ಮೊದಲನೆಯದು ಟೈರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಬೆಟ್ಟದ ಸೈಕಲ್ಲಿನ 26ಕ್ಕೆ 559 ಇರಬೇಕು. ಹುಡುಗ ಇದನ್ನು ಅಂಗೈ ಮೇಲೆ ಬರೆದುಕೊಂಡ.

ಗಾಳಿ ತುಂಬುವ ಮೂತಿಯೂ ಒಂದೇ ಬಗೆಯದಲ್ಲ. ನಮ್ಮ ಹಳೆಯ ಸೈಕಲ್ಲುಗಳದು ಒಂದು ಬಗೆ. ಕಾರು ಮೋಟಾರುಗಳಲ್ಲಿರುವ ದಪ್ಪ ಮೂತಿ ಇನ್ನೊಂದು. ಪಂದ್ಯದ ಸೈಕಲ್ಲುಗಳ ಸಣ್ಣ ಉದ್ದ ಮೂತಿ ಮತ್ತೊಂದು. ಕಾರಿನ ಬಗೆಯದಾದರೆ ಪೆಟ್ರೋಲ್ ಬಂಕಿನಲ್ಲಿಯೂ ಗಾಳಿ ಹಿಡಿಸಬಹುದು. ತಲಕಾಡಿನ ಮರಳಿನಲ್ಲಿ ಗಾಳಿಯ ಒತ್ತಡಕ್ಕೂ ಒಂದು ಮರ್ಮವಿದೆ. ಕಲ್ಲಿನಂತೆ ಬಿಗಿಯಾಗಿ ತುಂಬಿದ ಟೈರು ಮರಳನ್ನು ಸೀಳಿಕೊಂಡು ಹೂತುಹೋಗುತ್ತದೆ; ಸ್ವಲ್ಪ ಸಡಿಲಬಿಟ್ಟರೆ ಅಗಲವಾಗಿ ಹರಡಿ ಮೇಲೆ ತೇಲುತ್ತದೆ. ಎರಡು ಇಂಚು ಅಗಲದ ಟೈರು ಅದಕ್ಕೇ ಬೇಕು. ಸ್ಪ್ರಿಂಗು ಮಾಡಲಾರದ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತದೆ. ಆದರೆ ಟೈರಿನ ಪಕ್ಕೆಯಲ್ಲಿ ನಮೂದಿಸಿದ ಕನಿಷ್ಠ ಮಿತಿಗಿಂತ ಕೆಳಗಿಳಿಸಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ತೂತಾಗುತ್ತದೆ.

ಬ್ರೇಕಿನ ವಿಷಯದಲ್ಲಿ ನಮಗೂ ಹುಡುಗನಿಗೂ ಜಗಳವೇ ಆಯಿತು. ಅವನಿಗೆ ಡಿಸ್ಕ್ ಬೇಕು. ಕಾಲೇಜಿನಲ್ಲಿ ಎಲ್ಲರದೂ ಅದೇ. ಅವನ ಪಕ್ಷದಲ್ಲಿಯೂ ಹುರುಳಿತ್ತು. ಮಳೆಯಲ್ಲಿ, ಕೆಸರಿನಲ್ಲಿ ಡಿಸ್ಕ್ ಮೇಲು. ರಿಮ್ಮನ್ನು ರಬ್ಬರಿನಿಂದ ಹಿಡಿಯುವ ಬ್ರೇಕಿನಲ್ಲಿ ಮರಳು ಸೇರಿಕೊಂಡು ರಿಮ್ಮನ್ನೇ ಉಜ್ಜುತ್ತದೆ. ಆದರೆ ಕಡಿಮೆ ಬೆಲೆಯ ತಂತಿಯ ಡಿಸ್ಕ್ ಬ್ರೇಕನ್ನು ಆಗಾಗ ಸರಿಹೊಂದಿಸುತ್ತಿರಬೇಕು, ಅದರ ಪ್ಯಾಡುಗಳು ಹಳ್ಳಿಯಲ್ಲಿ ದೊರೆಯವು. ರಬ್ಬರಿನ ಬ್ರೇಕನ್ನು ಒಂದು ಸ್ಪಾನರಿನಿಂದ ಯಾರು ಬೇಕಾದರೂ ಸರಿಮಾಡಬಹುದು. ಒಂದೇ ಒಂದು ನಿಯಮ: ರಿಮ್ಮು ಅಲ್ಯೂಮಿನಿಯಮಿನದಾಗಿರಬೇಕು. ಹೊಳೆಯುವ ಉಕ್ಕಿನ ರಿಮ್ಮು ನೆನೆದರೆ ರಬ್ಬರು ಜಾರುತ್ತದೆ, ಬ್ರೇಕು ಹಿಡಿಯುವುದೇ ಇಲ್ಲ. ಇವೆರಡನ್ನು ಕಣ್ಣಿನಿಂದ ಗುರುತಿಸುವುದು ಕಷ್ಟವಾದ್ದರಿಂದ ನಾವು ಹಳೆಯ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದೆವು. ಉಕ್ಕಿಗೆ ಅದು ಕಚ್ಚಿಕೊಳ್ಳುತ್ತದೆ, ಅಲ್ಯೂಮಿನಿಯಮಿಗೆ ಇಲ್ಲ. ಚೌಕಟ್ಟಿನ ವಿಷಯದಲ್ಲಿ ಮಾತ್ರ ಉಕ್ಕನ್ನು ಕೀಳೆನ್ನಲಾಗದು. ಭಾರ ಹೆಚ್ಚು, ತುಕ್ಕೂ ಹಿಡಿಯುತ್ತದೆ. ಆದರೆ ಬಿರುಕುಬಿಟ್ಟರೆ ನರಸೀಪುರದ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಯಬಹುದು. ಅಲ್ಯೂಮಿನಿಯಮ್ ಚೌಕಟ್ಟನ್ನು ಅಲ್ಲಿ ಬೆಸೆಯಲಾಗದು.

ಗೇರುಗಳ ಸಂಖ್ಯೆಗೆ ಮರುಳಾಗುವವರು ಬಹಳ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದರೆ ಇಪ್ಪತ್ತೊಂದು. ಅವುಗಳಲ್ಲಿ ಹಲವು ಒಂದಕ್ಕೊಂದು ಸಮನಾದುವೇ. ತಲಕಾಡಿನ ಸೀಮೆ ಬಹುಮಟ್ಟಿಗೆ ಸಮತಟ್ಟು. ಮುಡುಕುತೊರೆಯ ಬೆಟ್ಟವನ್ನು ಬಿಟ್ಟರೆ ಏರೆಂದರೆ ಆಷಾಢದ ಎದುರುಗಾಳಿಯೇ. ಮುಂದೆ ಒಂದು, ಹಿಂದೆ ಏಳು ಧಾರಾಳವಾಗಿ ಸಾಕು. ಕೆಡುವ ಯಂತ್ರವೂ ಒಂದು ಕಡಿಮೆ.

ಮಾರ್ಗಶಿರದ ಒಂದು ಸೋಮವಾರ ತಂದೆ, ಮಗ, ನಾವು ಮೈಸೂರಿಗೆ ಹೊರಟೆವು. ಭಾನುವಾರದ ನೂಕುನುಗ್ಗಲಿನಲ್ಲಿ ಯಾರೂ ನಿಂತು ಉತ್ತರ ಹೇಳಲಾರರೆಂದು ಆ ದಿನವನ್ನು ಆರಿಸಿದ್ದೆವು. ತಂದೆಯವರು ಗೂಡು ತೂಗುವ ಕೊಕ್ಕೆಯ ತಕ್ಕಡಿಯನ್ನು ಚೀಲದಲ್ಲಿ ತಂದಿದ್ದರು. ಮಳಿಗೆಯ ಕಾವಲುಗಾರನು ಮೊದಲು ತಡೆದ. ಅಯಸ್ಕಾಂತವನ್ನೂ ತಕ್ಕಡಿಯನ್ನೂ ಕಂಡು ನಾವು ಗುಜರಿಯವರೆಂದು ಭಾವಿಸಿರಬೇಕು. ಎರಡು ಸ್ಪ್ರಿಂಗಿನದು ಹದಿನೇಳೂವರೆ ಕಿಲೋ ತೂಗಿತು. ಅದಕ್ಕಿಂತ ಎಂಟುನೂರು ರೂಪಾಯಿ ಹೆಚ್ಚಿನ ಬೆಲೆಯ, ಸ್ಪ್ರಿಂಗಿಲ್ಲದ, ಬೂದು ಬಣ್ಣದ ಇನ್ನೊಂದು ಹದಿನಾಲ್ಕೂವರೆ. “ಮೂರು ಕೆಜಿ ಗೂಡಿನ್ ಬೆಲೆ ಗೊತ್ತು ಬುದ್ಧೀ. ಮೂರು ಕೆಜಿ ಕಬ್ಣ ದಿನಾ ಯಾಕ್ ಹೊರ್ಬೇಕು?” ಎಂದರು ತಂದೆ. ಹುಡುಗ ಕೆಂಪು ಹಳದಿಯದರ ಹ್ಯಾಂಡಲ್ಲನ್ನು ಇನ್ನೂ ಬಿಟ್ಟಿರಲಿಲ್ಲ. ನಾವು ಏನೂ ಹೇಳಲಿಲ್ಲ. ಅವನು ಒಂದರ ಮೇಲೊಂದರಂತೆ ಎರಡನ್ನೂ ಹೊರಗಿನ ಅಂಗಳದಲ್ಲಿ ತುಳಿದು ನೋಡಿ, ತಾನೇ ಬೂದು ಬಣ್ಣದ್ದನ್ನು ಹಿಡಿದು ನಿಂತ.

ಅಳತೆ ನೋಡಿದ್ದು ಹೀಗೆ. ಸೈಕಲ್ಲಿನ ಮೇಲ್ಕೊಳವೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನೆಲದ ಮೇಲೆ ನಿಂತಾಗ ಕೊಳವೆಗೂ ದೇಹಕ್ಕೂ ನಡುವೆ ಎರಡು ಇಂಚು ಬಿಡುವಿರಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ಲಿನ ಮೇಲಿಟ್ಟರೆ ಕಾಲು ನೇರವಾಗಬೇಕು. ಬೆಳೆಯುವ ಹುಡುಗನೆಂದು ದೊಡ್ಡ ಅಂಗಿ ಹೊಲಿಸಿದಂತೆ ದೊಡ್ಡ ಸೈಕಲ್ ಕೊಡಿಸುವವರುಂಟು. ಅಂಗಿ ದೊಡ್ಡದಾದರೆ ಯಾರೂ ಬೀಳುವುದಿಲ್ಲ.

ಹಣ ಕಟ್ಟುವ ಮೊದಲು ನಾವೇ ಮೊಣಕಾಲೂರಿ ಕುಳಿತೆವು. ಪೆಡಲ್ಲಿನ ತುದಿಯ ಅಕ್ಷರಗಳು ಅದರದರ ಕಡೆಗೇ ಇದ್ದುವು. ಮುಂದಿನ ಬ್ರೇಕಿನ ತೋಳುಗಳು ಫೋರ್ಕಿನ ಮುಂಬದಿಯಲ್ಲಿದ್ದುವು. ಚಕ್ರವನ್ನು ಎತ್ತಿ ತಿರುಗಿಸಿದಾಗ ಅದು ಬ್ರೇಕಿನ ರಬ್ಬರಿಗೆ ತಗಲದೆ ನೆಟ್ಟಗೆ ಸುತ್ತಿತು. ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ಲನ್ನು ತಿರುಗಿಸಿದೆವು. ಅದು ಜಾರಿತು! ಕೂಡಲೇ ಕೆಲಸದ ಹುಡುಗನನ್ನು ಕರೆಸಿ ಬಿಗಿ ಮಾಡಿಸಿದೆವು. ಅವನು ಬೇಸರಿಸದೆ ಮಾಡಿಕೊಟ್ಟ. ಹಿಂದಿನ ಚೌಕಟ್ಟಿನಲ್ಲಿ ಕ್ಯಾರಿಯರಿಗೆ ತೂತುಗಳಿವೆಯೆಂದು ನೋಡಿಕೊಂಡು, 9,400 ರೂಪಾಯಿ ಕೊಟ್ಟು ರಸೀದಿ ಪಡೆದೆವು. ಹದಿನೈದು ದಿನ ತುಳಿದ ಮೇಲೆ ತಂತಿಗಳು ಎಳೆದು ಸಡಿಲವಾಗುತ್ತವೆ, ಕಡ್ಡಿಗಳು ಕೂರುತ್ತವೆ. ಆಗ ಮತ್ತೊಮ್ಮೆ ಬಿಗಿ ಮಾಡಿಸಲೇಬೇಕು. ಮೈಸೂರಿಗೆ ತರಲು ಆಗದಿದ್ದರೆ ಅದನ್ನು ಪಂಕ್ಚರ್ ಅಂಗಡಿಯ ಮುದುಕರೇ ಮಾಡುವುದೆಂದು ಗೊತ್ತುಮಾಡಿದೆವು.

ಸಂಜೆ ಮನೆಗೆ ತಂದಾಗ ತಾಯಿ ಹೊರಗೆ ಬಂದು ನೋಡಿದರು, ಮುಟ್ಟಲಿಲ್ಲ. ಮುಂದಿನ ತಿಂಗಳು ನಾವು ಮತ್ತೆ ಆ ಕಡೆ ಹೋದಾಗ ಹುಡುಗ ಕಾಲೇಜಿಗೆ ಹೋಗಿದ್ದ. ಒಂದು ದಿನವೂ ಬಸ್ಸು ತಪ್ಪಿಲ್ಲವಂತೆ. ಮರಳು ಎಣ್ಣೆಗೆ ಅಂಟಿ ಚೈನನ್ನು ಅರೆಯುತ್ತದೆ, ಒಣ ಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಬಿಡಬೇಕೆಂದು ನಾವು ಹೇಳಿದ್ದೆವು. ಅದು ನಡೆಯುತ್ತಿದೆಯೇ ಎಂದು ಕೇಳಿದೆವು. ತಂದೆ ಮಾತಾಡದೆ ಜಗಲಿಯ ಗೂಟದ ಕಡೆಗೆ ಕೈತೋರಿಸಿದರು. ಅಲ್ಲಿ ಎಣ್ಣೆ ಹಿಡಿದ ಹಳೆಯ ಸೀರೆಯ ತುಂಡೊಂದು ನೇತಾಡುತ್ತಿತ್ತು. “ರಾತ್ರಿ ಅವ್ನು ಮಲಗಿದ್ಮೇಲೆ ಇವ್ಳೇ ಒರ್ಸದು ಬುದ್ಧೀ. ಪೆಡಲ್ನೂ ತಿರುವಿ ನೋಡ್ತಾಳೆ” ಎಂದರು.